ಕೊಡೆಕಡ್ಡಿಯ ಉಳಿ

ನಾನು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದೆ ಎಂದು ತಿಳಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಯಾವುದರಲ್ಲಿ ಬರೀತಿದ್ರಿ? ಬ್ರಷ್ಷೋ, ಪೆನ್ನೋ?” ಕೇಳುವವರಿಗೆ ಅದು ಬರೀ ಕುತೂಹಲ. ನನಗೆ ಮಾತ್ರ ಸಿಟ್ಟು ಬರುತ್ತದೆ. ಬ್ರಷ್ಷಿನಲ್ಲೂ ಬರೆದೆ, ಪೆನ್ನಿನಲ್ಲೂ ಬರೆದೆ. ಆದರೆ ಹೆಚ್ಚಾಗಿ ಬರೆದದ್ದು ಹರಿದ ಕೊಡೆಯ ಕಡ್ಡಿಯಲ್ಲಿ. ಅದೇ ಕಡ್ಡಿಯಿಂದ ಬೇರೆಯವರು ನನ್ನ ಚಿತ್ರವನ್ನು ಕೆತ್ತಿ ಕೆಡಿಸಿ, ಒಬ್ಬ ಬಡವನ ಬಾಳು ಹಾಳು ಮಾಡಿದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಸಿಟ್ಟು ಇನ್ನೂ ಆರಿಲ್ಲ. ಆರಬೇಕೆಂದು ನಾನು ಬಯಸಿಯೂ ಇಲ್ಲ.

ನಾನಾಗ ಅಜ್ಜಂಪುರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಮದುವೆಯಾಗಿರಲಿಲ್ಲ. ಅವ್ವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪ ಸರ್ವೆ ಇಲಾಖೆಯಲ್ಲಿ ಹಳ್ಳಿಗಳ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಸೂಜಿಮೊನೆಯ ನಿಬ್ಬುಗಳು, ಹಿತ್ತಾಳೆಯ ಕೈವಾರ, ಗೆರೆ ಎಳೆಯುವ ಎರಡು ಎಸಳಿನ ಪೆನ್ನು, ಕಪ್ಪು ಮಸಿಯ ಕಡ್ಡಿ ಎಲ್ಲ ಇದ್ದವು. ಚಿಕ್ಕಂದಿನಲ್ಲಿ ನಾನು ಅವುಗಳಲ್ಲಿ ನೆಂಟರಿಷ್ಟರ ಮೂಗು, ಹೊಟ್ಟೆ ಬರೆದು ನಗುತ್ತಿದ್ದೆ. ಅಪ್ಪ ಬೈಯುತ್ತಿರಲಿಲ್ಲ. ಆದರೆ ಒಂದು ಮಾತು ಮಾತ್ರ ಹೇಳುತ್ತಿದ್ದರು. “ಗೆರೆ ಒಂದು ನೂಲು ಅತ್ಲಾಗೆ ಹೋದ್ರೆ ಒಬ್ಬನ ಹೊಲ ಇನ್ನೊಬ್ಬನ ಖಾತೆಗೆ ಹೋಗತ್ತೆ ಕಣೇ. ಹುಡುಗಾಟ ಅಲ್ಲ.”

ಕಡೂರಿನಿಂದ ಒಂದು ವಾರಪತ್ರಿಕೆ ಹೊರಡುತ್ತಿತ್ತು. ನಾಲ್ಕೇ ಪುಟ. ಅದರ ಸಂಪಾದಕರು ಖಾದಿ ಉಡುವ ವಯಸ್ಸಾದವರು, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು. ನಾನು ಧೈರ್ಯ ಮಾಡಿ ಎರಡು ಚಿತ್ರ ಕಳಿಸಿದೆ. ಚಿತ್ರ ಹಿಡಿಸಿದೆ, ಆದರೆ ಚಿತ್ರ ಅಚ್ಚು ಹಾಕಲು ಬೇಕಾದ ಸತುವಿನ ಬ್ಲಾಕು ಮಾಡಿಸಲು ಬೆಂಗಳೂರಿಗೆ ಕಳಿಸಬೇಕು, ಅದು ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ ಎಂದು ಅವರು ಕಾಗದ ಬರೆದರು. ಕಾಗದದ ಜೊತೆ ಒಂದು ಗೋಣಿಸುರುಳಿಯೂ ಬಂತು. ಒಳಗೆ ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆ, ಚರ್ಮದಷ್ಟು ದಪ್ಪ. ಕೆಮ್ಮಣ್ಣುಗುಂಡಿಯ ಯಾವುದೋ ಬಂಗಲೆಯ ನೆಲದಿಂದ ಕಿತ್ತದ್ದಂತೆ. ಇದರ ಮೇಲೆ ಚಿತ್ರ ಕೊರೆದು, ಮರದ ತುಂಡಿಗೆ ಅಂಟಿಸಿ ಕೊಟ್ಟರೆ ನೇರ ಅಚ್ಚು ಹಾಕಬಹುದು ಎಂದಿದ್ದರು.

ಕೊರೆಯುವುದು ಯಾವುದರಲ್ಲಿ? ಚಾಕುವಿನಲ್ಲಿ ಕೊರೆದರೆ ಅಂಚು ಹರಿಯುತ್ತಿತ್ತು. ಆಚಾರಿಯ ಉಳಿ ತೀರಾ ದಪ್ಪ. ಕೊನೆಗೆ ಉಪಾಯ ಹೊಳೆದದ್ದು ಅಪ್ಪನಿಗೆ. ಅಟ್ಟದ ಮೇಲಿದ್ದ ಮುರುಕು ಕೊಡೆಯನ್ನು ಇಳಿಸಿ ಅದರ ಕಡ್ಡಿ ತೋರಿಸಿದರು. ಕೊಡೆಕಡ್ಡಿ ಗುಂಡಗೆ ತುಂಬಿಕೊಂಡಿರುವುದಿಲ್ಲ. ಉದ್ದಕ್ಕೂ ಒಂದು ಬದಿ ತೆರೆದ ಪುಟ್ಟ ಕಾಲುವೆಯಂತಿರುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿ ಸಾಣೆಕಲ್ಲಿಗೆ ಹಿಡಿದರೆ ಅದೇ ಉಳಿ. ಕುಲುಮೆಯ ಆಚಾರಿ ಮೂರು ಉಳಿ ಮಾಡಿ ಸೀಬೆಮರದ ಹಿಡಿ ಹಾಕಿಕೊಟ್ಟ. “ಇದ್ರಲ್ಲಿ ಏನ್ ಕೆತ್ತೀಯವ್ವ, ಹುಣಸೆ ಬೀಜವಾ?” ಎಂದು ನಕ್ಕ.

ಕಲಿಯಲು ಒಂದು ಬೇಸಿಗೆ ಹಿಡಿಯಿತು. ಲಿನೋ ತಣ್ಣಗಿದ್ದರೆ ಕೊರೆಯಲು ಬಗ್ಗದು, ಪುಡಿಪುಡಿಯಾಗುತ್ತದೆ. ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಬಚ್ಚಲ ಹಂಡೆಯ ಮುಚ್ಚಳದ ಮೇಲಿಡುತ್ತಿದ್ದೆ. ಚಿತ್ರವನ್ನು ತಿರುಗುಮುರುಗಾಗಿ ಕೊರೆಯಬೇಕು, ಎಡದ್ದು ಬಲಕ್ಕೆ. ಕೊರೆದ ಜಾಗ ಅಚ್ಚಿನಲ್ಲಿ ಬೆಳ್ಳಗೆ, ಉಳಿದದ್ದು ಕಪ್ಪಗೆ. ಒಮ್ಮೆ ಕೊರೆದರೆ ಮುಗಿಯಿತು; ತೆಗೆದುಹಾಕಬಹುದೇ ಹೊರತು ಮತ್ತೆ ಸೇರಿಸಲಾಗದು. ತಪ್ಪಿಲ್ಲವೆಂದು ನೋಡಿಕೊಳ್ಳಲು ಬ್ಲಾಕಿಗೆ ಮಸಿ ಬಳಿದು, ತೆಳ್ಳನೆಯ ಹಾಳೆ ಹೊದಿಸಿ, ಸೌಟಿನ ಬೆನ್ನಿನಿಂದ ಉಜ್ಜಿ ಒಂದು ಪ್ರತಿ ತೆಗೆದಿಟ್ಟುಕೊಳ್ಳುತ್ತಿದ್ದೆ. ಕಡೂರಿನ ಕಚೇರಿಗೆ ನಿತ್ಯ ರೈಲಿನಲ್ಲಿ ಓಡಾಡುತ್ತಿದ್ದ ಗುಮಾಸ್ತರೊಬ್ಬರು ಬ್ಲಾಕನ್ನು ಪ್ರೆಸ್ಸಿಗೆ ತಲುಪಿಸುತ್ತಿದ್ದರು. ಅಚ್ಚಾಗುವಾಗ ಎಲ್ಲಾದರೂ ಬೇಡದ ಕಡೆ ಮಸಿ ಹತ್ತಿದರೆ ಕೆರೆದು ತೆಗೆಯಲಿ ಎಂದು, ಮೂರು ಉಳಿಗಳಲ್ಲಿ ಒಂದನ್ನು ಪ್ರೆಸ್ಸಿನಲ್ಲೇ ಬಿಟ್ಟಿದ್ದೆ. ನನ್ನ ಕೈಯಾರೆ ಕೊಟ್ಟದ್ದು.

ಚಿತ್ರಗಳ ಕೆಳಗೆ ನನ್ನ ಹೆಸರಿರುತ್ತಿರಲಿಲ್ಲ. ಸರ್ಕಾರಿ ನೌಕರಿ ಎಂಬುದು ಒಂದು ಕಾರಣ. ಹೆಣ್ಣುಮಗಳ ಹೆಸರು ಕಂಡರೆ ಓದುಗರು ತಮಾಷೆ ಮಾಡುತ್ತಾರೆ ಎಂಬುದು ಸಂಪಾದಕರು ಹೇಳಿದ ಇನ್ನೊಂದು ಕಾರಣ. ಇಳಿಜಾರಿನಲ್ಲಷ್ಟೇ ಓಡುವ, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವ ತರೀಕೆರೆ ಬಸ್ಸನ್ನು ಬರೆದಾಗ ಜನ ಓದಿ ನಕ್ಕರು. “ಯಾವನೋ ಗಟ್ಟಿಗ ಕಣ್ರೀ ಇವ್ನು” ಎಂದು ನನ್ನ ಎದುರೇ ಹೇಳಿದವರಿದ್ದರು. ನಾನು ತಲೆ ತಗ್ಗಿಸಿ ನಕ್ಕು ಸುಮ್ಮನಾಗುತ್ತಿದ್ದೆ. ಆ ಸುಮ್ಮನಿರುವಿಕೆಯ ಮೇಲೂ ನನಗೆ ಈಗ ಕೋಪವಿದೆ.

ಸೇರು, ಮಣ ಹೋಗಿ ಕಿಲೋ ಬಂದ ಕಾಲ ಅದು. ಊರಿನ ಹತ್ತಿ ಮಂಡಿಗಳಲ್ಲಿ ತೂಗಲು ಹೊಸ ಕಬ್ಬಿಣದ ಬಟ್ಟುಗಳು ಬಂದು ಕೂತವು. ರೈತರಿಗೆ ಅದರ ಲೆಕ್ಕ ಇನ್ನೂ ಕೈಗೆ ಹತ್ತಿರಲಿಲ್ಲ. ತೂಗಿದವನು ಹೇಳಿದ್ದೇ ತೂಕ. ನಮ್ಮ ಬೀದಿಯ ಕೊನೆಯ ಮನೆಯಾತ ಒಂದು ಮಂಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸಕ್ಕಿದ್ದ. ಸಣಕಲು ದೇಹ, ಬಾಗಿದ ಬೆನ್ನು, ತಲೆಗೊಂದು ವಸ್ತ್ರ, ಬಲಗಿವಿಯಲ್ಲಿ ಬೆಳ್ಳಿಯ ಒಂಟಿ. ಒಂದು ಭಾನುವಾರ ಬೆಳಿಗ್ಗೆ ಆತ ಬಂದು ಜಗಲಿಯ ಮೇಲೆ ಕೂತ. ನಾನು ಪತ್ರಿಕೆಗೆ ಚಿತ್ರ ಬರೆಯುವ ಗುಟ್ಟು ಆಚಾರಿಯ ಬಾಯಿಂದ ಅವನಿಗೆ ತಿಳಿದಿತ್ತು.

“ಟೀಚರಮ್ಮ, ಒಂದ್ ಮಾತೈತೆ. ಹೇಳಿದ್ರೆ ಅನ್ನ ಹೋಯ್ತದೆ, ಹೇಳ್ದೆ ಇದ್ರೆ ನಿದ್ದೆ ಹೋಯ್ತದೆ.”

“ಏನು, ಹೇಳಪ್ಪ.”

“ನಮ್ ಧಣಿ ಕೊಳ್ಳೋದಕ್ಕೇ ಒಂದ್ ಜತೆ ಬಟ್ಟು ಮಡಗವ್ರೆ. ತಳದಾಗಿನ ಗುಳಿ ದೊಡ್ದು ಮಾಡ್ಸಿ ಸೀಸ ತುಂಬಿಸವ್ರೆ. ಹತ್ತು ಅಂತ ಬರ್ದೈತೆ, ಹತ್ತಕ್ಕಿಂತ ಜಾಸ್ತಿ ತೂಗ್ತದೆ ಅದು. ಚೌಳಹಿರಿಯೂರಿಂದ ಗಾಡಿ ಕಟ್ಕೊಂಡ್ ಬಂದೋರು ಕೈ ಮುಗ್ದು ಮಾರ್ಬುಟ್ಟು ಹೋಯ್ತಾರೆ. ತಕ್ಕಡಿ ಹಿಡ್ಯೋನು ನಾನು ತಾಯಿ. ಪಾಪ ನನ್ ಕೈಗೆ ಅಂಟ್ತಾ ಐತೆ.”

ಒಳಗಿದ್ದ ಅಪ್ಪ ಹೊರಗೆ ಬಂದರು. “ಅಮಲ್ದಾರರಿಗೆ ಹೇಳಬಾರದೇನಪ್ಪಾ?”

“ನನ್ ಮಾತು ಯಾರ್ ಕೇಳ್ತಾರೆ ಸ್ವಾಮಿ? ಚಿತ್ರ ಆದ್ರೆ ಓದಕ್ ಬರ್ದೋರೂ ನೋಡ್ತಾರೆ.” ಆಮೇಲೆ ನನ್ನ ಕಡೆ ತಿರುಗಿ, “ನಾ ಹೇಳ್ದೆ ಅಂತ ಮಾತ್ರ ಗೊತ್ತಾಗ್ಬಾರ್ದು ಕಣವ್ವ” ಎಂದ.

“ಗೊತ್ತಾಗಲ್ಲ” ಎಂದೆ. ಎಷ್ಟು ಸಲೀಸಾಗಿ ಹೇಳಿದೆ!

ವಾರವಿಡೀ ಕೂತು ಕೊರೆದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹತ್ತಿ ತುರುಕಿದ ಗುಡ್ಡದಂಥ ಅಂಡಿಗೆ ಮೂಟೆ, ಇನ್ನೊಂದರಲ್ಲಿ ಒಂದೇ ಒಂದು ಪುಟ್ಟ ಬಟ್ಟು. ಆದರೂ ಬಟ್ಟಿನ ತಟ್ಟೆಯೇ ನೆಲ ಮುಟ್ಟಿದೆ. ಬಟ್ಟಿನ ಮೇಲೆ ಆಶೀರ್ವಾದ ಮಾಡುವಂತೆ ಕೈಯಿಟ್ಟು ನಗುತ್ತಿರುವ ವರ್ತಕ: ಜರಿಪೇಟ, ಮೂರು ಮಡಿಕೆಯ ಹೊಟ್ಟೆ, ಕೊಬ್ಬಿದ ಕೆನ್ನೆ. ಕೆಳಗೆ ಅಚ್ಚುಮೊಳೆಯಲ್ಲಿ ಜೋಡಿಸಲು ಒಂದು ಸಾಲು ಬರೆದುಕೊಟ್ಟೆ: “ಧಣಿ ಮುಟ್ಟಿದ್ದೆಲ್ಲ ಭಾರ!” ತಕ್ಕಡಿ ಹಿಡಿಯುವವನನ್ನು ಬೇಕೆಂದೇ ಬಿಟ್ಟೆ. ಪ್ರತಿ ತೆಗೆದಾಗ ಅಪ್ಪ ಭೂತಗನ್ನಡಿ ಹಿಡಿದು ನೋಡಿ, “ಹೂಂ, ಅವನೇ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮುಂದಿನ ವಾರ ಪತ್ರಿಕೆ ಬಂತು. ಬಿಡಿಸಿದೆ. ನನ್ನದೇ ತಕ್ಕಡಿ, ನನ್ನದೇ ಅಂಡಿಗೆ. ಬಟ್ಟಿನ ಮೇಲೆ ಕೈಯಿಟ್ಟವನು ಮಾತ್ರ ನಾನು ಬರೆದವನಲ್ಲ.

ಹೊಟ್ಟೆಯನ್ನು ಪೂರ್ತಿ ಕೆತ್ತಿ ತೆಗೆದಿದ್ದರು. ಕೆನ್ನೆಯನ್ನು ಕೆರೆದು ಗುಳಿ ಬೀಳಿಸಿದ್ದರು. ಪೇಟದ ಜರಿ, ತುರಾಯಿ ಸವರಿ ಬರೀ ತಲೆವಸ್ತ್ರ ಮಾಡಿದ್ದರು. ಬೆನ್ನಿನ ಗೆರೆಯನ್ನು ಒಳಕ್ಕೆ ಕಡಿದು ಗೂನು ಬರಿಸಿದ್ದರು. ಬಲಗಿವಿಯ ಕಪ್ಪಿನಲ್ಲಿ ಉಳಿಯ ಮೊನೆ ತಿರುವಿ ಒಂದು ಬಿಳಿ ಉಂಗುರ ಮೂಡಿಸಿದ್ದರು. ಒಂಟಿ! ಕೆಳಗಿನ ಸಾಲಿನಲ್ಲಿ ಒಂದೇ ಪದ ಬದಲಾಗಿತ್ತು: “ಆಳು ಮುಟ್ಟಿದ್ದೆಲ್ಲ ಭಾರ!”

ಲಿನೋದಲ್ಲಿ ಸಣಕಲನನ್ನು ದಪ್ಪ ಮಾಡಲು ಆಗುವುದಿಲ್ಲ. ದಪ್ಪನವನನ್ನು ಸಣಕಲ ಮಾಡಬಹುದು. ಇಷ್ಟು ದಿನ ಆ ಕೆಲಸ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಅಪ್ಪ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಗೆರೆ ನಿನ್ನದಲ್ಲ” ಎಂದರು. ಪುಟ ಮಡಿಸಿ ನನ್ನ ಕೈಗಿಟ್ಟು, “ಚಿತ್ರ ನಿನ್ನದು” ಎಂದರು.

ಅಷ್ಟರಲ್ಲಿ ವರ್ತಕ ಆ ಪುಟವನ್ನು ಮಂಡಿಯ ಬಾಗಿಲಿಗೆ ಅಂಟಿಸಿ, ಎಲ್ಲರೆದುರು ತೂಕದವನ ಕೈಯಿಂದ ತಕ್ಕಡಿ ಕಿತ್ತುಕೊಂಡು ಓಡಿಸಿದ್ದ. ಬೇರೆ ಮಂಡಿಗಳವರೂ ಸೇರಿಸಲಿಲ್ಲ. ಮಾರನೆಯ ದಿನ ಆತನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

“ಓದಿದೋರು ಅಂತ ನಂಬ್ಕೊಂಡು ಹೇಳ್ದ. ಅವನ ಮುಖಾನೇ ತಗ್ದು ಪೇಪರ್‌ಗೆ ಹಾಕ್ಬುಟ್ಯಲ್ಲ ತಾಯಿ. ಬಾವಿತಾವ ನೀರ್ ಸೇದಕ್ ಹೋದ್ರೆ ಕಳ್ಳನ್ ಹೆಂಡ್ರು ಅಂತಾರೆ.”

“ನಾನು ಹಾಗೆ ಬರೆದಿರಲಿಲ್ಲ ಕಣಮ್ಮ. ನೋಡು, ನಾನು ಬರೆದದ್ದು ಇದು” ಎಂದು ಮನೆಯಲ್ಲಿದ್ದ ಪ್ರತಿ ತೋರಿಸಿದೆ.

ಅವಳು ನೋಡಿದಳು. “ಇದು ನಿನ್ ಮನೇಲೈತೆ. ಅದು ಊರಾಗೆಲ್ಲ ಐತೆ” ಎಂದು ಹೇಳಿ ಹೊರಟುಹೋದಳು.

ಸೋಮವಾರ ಶಾಲೆಗೆ ರಜೆ ಬರೆದುಕೊಟ್ಟು ಬೆಳಗಿನ ರೈಲಿಗೆ ಕಡೂರಿಗೆ ಹೋದೆ. ಸಂಪಾದಕರು ಮೇಜಿನ ಮುಂದೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

“ಓ, ಬಾಮ್ಮಾ. ಕಾಫಿ ಕುಡೀತೀಯಾ?”

“ಬೇಡ. ನನ್ನ ಚಿತ್ರಕ್ಕೆ ಏನು ಮಾಡಿದ್ರಿ?”

“ಸ್ವಲ್ಪ ತಿದ್ದಿದ್ವಿ. ಸಂಪಾದಕನಾದವನಿಗೆ ಅಷ್ಟು ಹಕ್ಕಿಲ್ವೇನಮ್ಮ?”

“ಕಳ್ಳನನ್ನ ತೆಗೆದು ಸಾಚಾ ಮನುಷ್ಯನನ್ನ ಇಟ್ಟಿದ್ದೀರಿ. ಇದಕ್ಕೆ ತಿದ್ದೋದು ಅಂತಾರಾ?”

“ಕೂಗಬೇಡ. ಆ ಮಂಡಿಯವರು ಪತ್ರಿಕೆ ಶುರುವಾದಾಗಿಂದ ಜಾಹೀರಾತು ಕೊಡ್ತಾ ಬಂದೋರು. ನಾಳೆ ಅವರು ನಿಲ್ಲಿಸಿದರೆ ಪತ್ರಿಕೆ ನಿಲ್ಲತ್ತೆ. ಪತ್ರಿಕೆ ನಿಂತ್ರೆ ನೀನೆಲ್ಲಿ ಚಿತ್ರ ಬರೀತೀಯ? ಅಲ್ಲದೆ ಆಳು ಅಂತಷ್ಟೇ ಹಾಕಿದ್ದೀವಿ. ಯಾರ ಹೆಸರೂ ಇಲ್ಲ.”

“ಹೆಸರು ಯಾಕೆ ಬೇಕು? ಕಿವಿಗೆ ಒಂಟಿ ಹಾಕಿದ್ದೀರಲ್ಲ! ಕಡೂರಲ್ಲಿ ಕೂತ ನಿಮಗೆ ಅವನ ಕಿವಿ ಹೇಗೆ ಗೊತ್ತಾಯ್ತು?”

ಉತ್ತರ ಬಂದದ್ದು ಮೂಲೆಯಲ್ಲಿ ಮೊಳೆ ಜೋಡಿಸುತ್ತಿದ್ದ ಮಧ್ಯವಯಸ್ಸಿನವರಿಂದ. ಅವರು ತಲೆ ಎತ್ತದೆಯೇ ಹೇಳಿದರು. “ಅಚ್ಚಿಗೆ ಮುಂಚೆ ಮಂಡಿ ಧಣಿಗೆ ತೋರಿಸಿದ್ರು ಕಣಮ್ಮ. ಅವ್ರೇ ಬಂದು ನನ್ ಪಕ್ಕ ಕೂತ್ಕೊಂಡು, ಇಲ್ಲಿ ತೆಗಿ, ಅಲ್ಲಿ ತೆಗಿ ಅಂತ ಬೆರಳಿಟ್ಟು ತೋರಿಸಿದ್ರು. ಬಟ್ಟಿನ ಗುಟ್ಟು ಗೊತ್ತಿದ್ದೋನು ಆ ತಕ್ಕಡಿಯೋನೊಬ್ನೇ ಅಂತೆ. ನಾನು ತೆಗ್ದೆ. ನನ್ ಹೊಟ್ಟೆಪಾಡು.”

ಅವರ ಮುಂದೆ ನನ್ನ ಉಳಿ ಬಿದ್ದಿತ್ತು. ಹಿಡಿಯ ಸಂದಿನಲ್ಲಿ ಲಿನೋದ ಪುಡಿ ಇನ್ನೂ ಅಂಟಿಕೊಂಡಿತ್ತು.

ಆ ವರ್ತಕ ಕಳ್ಳ. ಕಳ್ಳ ಕಳ್ಳನ ಕೆಲಸ ಮಾಡಿದ. ಮೊಳೆ ಜೋಡಿಸುವವರು ಆಳು. ಆದರೆ ಈ ಮನುಷ್ಯ? ದೇಶಕ್ಕಾಗಿ ಜೈಲು ಕಂಡವರು, ನ್ಯಾಯದ ಮೇಲೆ ವಾರವಾರ ಸಂಪಾದಕೀಯ ಬರೆಯುವವರು, ಕಾಫಿ ಕುಡಿಯುತ್ತೀಯಾ ಎಂದು ಕೇಳುತ್ತಿದ್ದಾರೆ!

“ಮುಂದಿನ ವಾರ ತಪ್ಪಾಯಿತು ಅಂತ ಹಾಕಿ. ನನ್ನ ಚಿತ್ರವನ್ನ ಬರೆದ ಹಾಗೇ ಹಾಕಿ.”

“ಅದು ಆಗದ ಮಾತು.”

“ಹಾಗಾದರೆ ನನ್ನ ಬ್ಲಾಕುಗಳನ್ನೆಲ್ಲ ಕೊಡಿ. ಇನ್ನು ನಿಮಗೆ ನನ್ನಿಂದ ಒಂದು ಗೆರೆಯೂ ಇಲ್ಲ.”

ಹಳೆಯ ಬ್ಲಾಕುಗಳನ್ನೂ ಉಳಿಯನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೆ. ಬೀರೂರು ನಿಲ್ದಾಣದಲ್ಲಿ ರೈಲು ನಿಂತಾಗ ಅಳು ಬಂತು. ಎದುರು ಸೀಟಿನ ಹೆಂಗಸು, “ಯಾರು ಹೋದ್ರು ತಾಯಿ?” ಎಂದು ಕೇಳಿದಳು. ಯಾರೂ ಹೋಗಿಲ್ಲ, ಸಿಟ್ಟು ಎಂದೆ. ಅವಳು ದೂರ ಸರಿದು ಕೂತಳು.

ಮನೆಯಲ್ಲಿ ಉಳಿದಿದ್ದ ದೊಡ್ಡ ಲಿನೋ ತುಂಡಿನ ಮೇಲೆ ಅದೇ ಚಿತ್ರವನ್ನು ಇಮ್ಮಡಿ ಗಾತ್ರದಲ್ಲಿ ಮತ್ತೆ ಕೊರೆದೆ. ಈ ಸಲ ಕೆಳಗಿನ ಅಕ್ಷರಗಳನ್ನೂ ಕನ್ನಡಿ ಇಟ್ಟುಕೊಂಡು ತಿರುಗುಮುರುಗಾಗಿ ನಾನೇ ಕೊರೆದೆ. ಮೊಳೆಯನ್ನು ನಂಬುವ ಹಾಗಿರಲಿಲ್ಲ. ಅಪ್ಪ ಮಸಿ ಬಳಿದರು, ನಾನು ಸೌಟು ಉಜ್ಜಿದೆ. ಹಾಳೆಗಳನ್ನು ಕೋಣೆಯ ತುಂಬ ಹಗ್ಗ ಕಟ್ಟಿ ಒಣಗಿಸಿದೆವು. “ಕೆಲಸ ಹೋಗಬಹುದು” ಎಂದರು ಅಪ್ಪ. “ಹೋಗಲಿ” ಎಂದೆ. ಅವರು ಮತ್ತೆ ಮಸಿ ಬಳಿಯತೊಡಗಿದರು.

ಸಂತೆಯ ದಿನ ಹತ್ತಿಗಾಡಿಗಳು ನಿಲ್ಲುವ ಕಡೆ ಹೋಗಿ ನಿಂತೆ. ಅಪ್ಪ ಕೋಟು ತೊಟ್ಟು, ಹಣೆಗೆ ವಿಭೂತಿ ಧರಿಸಿ, ಉಳಿದ ಹಾಳೆಗಳ ಕಟ್ಟು ಹಿಡಿದು ಪಕ್ಕದಲ್ಲಿ ನಿಂತರು. ನನ್ನ ಒಂದು ಕೈಯಲ್ಲಿ ಪತ್ರಿಕೆಯ ಪುಟ, ಇನ್ನೊಂದರಲ್ಲಿ ನನ್ನ ಹಾಳೆ.

“ಪತ್ರಿಕೆಗೆ ಚಿತ್ರ ಬರೆಯುತ್ತಿದ್ದವಳು ನಾನು. ಇದು ನಾನು ಬರೆದದ್ದಲ್ಲ. ಇದು ನಾನು ಬರೆದದ್ದು. ತಕ್ಕಡಿ ಹಿಡಿದವನು ಕಳ್ಳನಲ್ಲ. ಬಟ್ಟು ನೋಡಿ.”

ಪಾಠ ಹೇಳಿ ಹೇಳಿ ಗಂಟಲು ಗಟ್ಟಿಯಾಗಿತ್ತು. ಜನ ಸೇರಿದರು. ಅಷ್ಟರಲ್ಲಿ ವರ್ತಕನೇ ಬಂದ.

“ಏನ್ ಟೀಚರಮ್ಮ, ಸಂತೇಲಿ ನಿಂತು ಹಿಂಗೆಲ್ಲ ಕೂಗೋದು ಮಾನವಂತ್ರ ಮನೆ ಹೆಣ್ಮಕ್ಳು ಮಾಡೋ ಕೆಲ್ಸವಾ?”

“ತೂಕ ಸರಿ ಇದ್ದರೆ ನಿಮಗೇನು ಭಯ? ಬಟ್ಟು ತಂದು ತೂಗಿಸಿ.”

ಚೌಳಹಿರಿಯೂರು ಕಡೆಯ ಮುದುಕನೊಬ್ಬ ಗಾಡಿಯ ಮುಂದಿನ ಮೂಕಿಮರದಿಂದ ಇಳಿದ. “ಅಮ್ಮ ಹೇಳೋದು ಸರಿಯಾಗೈತೆ ಕಣ್ರಲಾ. ಟೇಸನ್ನಾಗೆ ರೈಲ್ವೆಯೋರ ತೂಕದ ಮಿಷಿನ್ ಐತೆ. ತಗಂಬನ್ನಿ, ಅಲ್ಲೇ ನೋಡಾನ.”

ನಾಲ್ಕು ಜನ ಮಂಡಿಗೆ ನುಗ್ಗಿ ಬಟ್ಟು ಹೊತ್ತು ತಂದರು. ಗೂಡ್ಸ್ ಶೆಡ್ಡಿನ ಗುಮಾಸ್ತರು ಮೊದಲು ಆಗದು ಎಂದರು. ಜನ ನೋಡಿ ತೂಗಿದರು. ಹತ್ತು ಎಂದು ಬರೆದಿದ್ದ ಬಟ್ಟಿನ ತೂಕ ಹತ್ತಕ್ಕೆ ನಿಲ್ಲಲಿಲ್ಲ, ಹತ್ತನ್ನು ದಾಟಿತು. ಗದ್ದಲವೋ ಗದ್ದಲ. ನನಗೆ ಗೆದ್ದೆ ಎನಿಸಿತು.

ವರ್ತಕ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಶಿವ ಶಿವಾ! ನನಗೇ ಗೊತ್ತಿರ್ಲಿಲ್ಲ ಕಣ್ರಪ್ಪಾ. ಬಟ್ಟು ನೋಡ್ಕೊತಿದ್ದೋನು ಅವ್ನೇ ಅಲ್ವಾ? ಪೇಪರ್‌ನಾಗೇ ಬಂದೈತಲ್ಲ! ಅದ್ಕೇ ಓಡಿಸಿದ್ದು ನಾನು. ಇವತ್ತೇ ಬ್ಯಾರೆ ಬಟ್ಟು ತರುಸ್ತೀನಿ.”

ಅರ್ಧ ಜನ ನಂಬಲಿಲ್ಲ. ಅರ್ಧ ಜನ ನಂಬಿದರು; ಹೇಗಿದ್ದರೂ ನಾಳೆ ಹತ್ತಿಯನ್ನು ಅಲ್ಲಿಗೇ ತರಬೇಕು, ನಂಬುವುದು ಸುಲಭ. ಬಟ್ಟುಗಳು ಬದಲಾದವು, ಅದು ನಿಜ. ಆ ಮಂಡಿಯಲ್ಲಿ ಆಮೇಲೆ ಒಳ್ಳೆಯ ತೂಕವೇ ನಡೆಯಿತು ಎಂದು ಹೇಳುತ್ತಿದ್ದರು. ವರ್ತಕನಿಗೆ ಒಳ್ಳೆಯ ಹೆಸರೂ ಬಂತು. ತೂಕದವನನ್ನು ಮಾತ್ರ ಯಾರೂ ಕರೆಯಲಿಲ್ಲ. ಆತ ಸಂಸಾರ ಕಟ್ಟಿಕೊಂಡು ಊರು ಬಿಟ್ಟ.

ನನಗೆ ಮೇಲಿನಿಂದ ಒಂದು ಎಚ್ಚರಿಕೆಯ ಕಾಗದ ಬಂತು, ಆಮೇಲೆ ತರೀಕೆರೆಗೆ ವರ್ಗ. ಟ್ರಂಕು, ಹಾಸಿಗೆ ಸುರುಳಿ ಕಟ್ಟಿಕೊಂಡು ಹೊರಟೆ. ಬೀರೂರಿನಲ್ಲಿ ಶಿವಮೊಗ್ಗದ ರೈಲಿಗೆ ಬದಲಾಯಿಸಬೇಕು. ಸಾಮಾನು ಇಳಿಸುತ್ತಿದ್ದಾಗ ಒಬ್ಬ ಕೂಲಿಯವನು ಓಡಿ ಬಂದು ಟ್ರಂಕಿಗೆ ಕೈ ಹಾಕಿದ. ಮುಖ ನೋಡಿದೆ. ಅವನೇ. ಕಿವಿಯಲ್ಲಿ ಒಂಟಿ ಇರಲಿಲ್ಲ.

“ಕೊಡಿ ಅವ್ವ, ಹೊತ್ಕೊತೀನಿ” ಎಂದ. ಬೇಡವೆಂದರೂ ಬಿಡಲಿಲ್ಲ.

ರೈಲಿನೊಳಗೆ ಟ್ರಂಕು ಇಟ್ಟ ಮೇಲೆ ನಾನು ಕೇಳಿಯೇಬಿಟ್ಟೆ. “ನನ್ನ ಮೇಲೆ ಸಿಟ್ಟಿದೆಯೇನಪ್ಪ?”

“ಇಲ್ಲ ಅಂತ ಸುಳ್ಳು ಹೇಳಕ್ಕೆ ಬರಲ್ಲ ಕಣವ್ವ. ನೀವು ಸಂತೇಲಿ ನಿಂತಿದ್ದು ಗೊತ್ತು. ನಮ್ ಊರ್‌ನಾಗೆ ಇನ್ಯಾವ ಗಂಡ್ಸೂ ನಿಲ್ಲಲಿಲ್ಲ. ಆದ್ರೂ ಸಿಟ್ಟೈತೆ.”

ಆತ ಕೆಳಗಿಳಿದು ಹೊರಗಿನಿಂದ ಕಿಟಕಿಯ ಸರಳು ಹಿಡಿದ. “ಬಿಡಬ್ಯಾಡಿ, ಬರೀರಿ. ನನ್ನ ಮಾತ್ರ ಬರೀಬ್ಯಾಡಿ” ಎಂದು ಹೇಳಿ, ಮುಂದಿನ ಡಬ್ಬಿಯಿಂದ ಯಾರೋ ಕೂಗಿದರೆಂದು ಆ ಕಡೆ ಓಡಿದ.

ತರೀಕೆರೆಯಲ್ಲಿ ಬೇರೊಂದು ಪತ್ರಿಕೆಗೆ ನಾನು ಹಲವು ವರ್ಷ ಚಿತ್ರ ಕೊರೆದೆ, ನನ್ನ ಪೂರ್ತಿ ಹೆಸರು ಹಾಕಿಯೇ. ಅಚ್ಚಿನ ದಿನ ಶಾಲೆ ಬಿಟ್ಟ ಕೂಡಲೇ ಪ್ರೆಸ್ಸಿಗೆ ಹೋಗಿ, ಕೊನೆಯ ಹಾಳೆ ಹೊರಬೀಳುವವರೆಗೆ ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಅಲ್ಲಿನವರಿಗೆ ಮೊದಲು ಅವಮಾನವೆನಿಸಿತು. “ನಮ್ ಮೇಲೆ ನಂಬಿಕೆ ಇಲ್ವಾ?” ಎಂದು ಯಜಮಾನರು ಕೇಳಿದರು. ಇಲ್ಲ ಎಂದೆ.